ರೂಪಾಂತರಗೊಳಿಸುವ ಕೃಪೆಗೆ ಶರಣಾಗತಿ: ಒಪ್ಪಿಗೆ ಯಾರಿಗೆ, ಯಾವುದಕ್ಕೆ?

ಕಲಬುರಗಿಯ ನೆಲದಲ್ಲಿ 'ಶರಣು' ಎಂಬ ಪದವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬ್ರಹ್ಮಪುರದ ಶರಣಬಸವೇಶ್ವರರ ಗುಡಿಗೆ ಬರುವ ಭಕ್ತರು ಒಬ್ಬರನ್ನೊಬ್ಬರು ಕಂಡಾಗ 'ಶರಣು ಶರಣಾರ್ಥಿ' ಎಂದು ಕೈಮುಗಿಯುತ್ತಾರೆ. ಇದೇ ಊರಿನ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ನಡೆದುಕೊಳ್ಳುವ ಮುಸಲ್ಮಾನರ ಧರ್ಮದ ಹೆಸರಿಗೇ ದೇವರಿಗೆ ತನ್ನನ್ನು ಒಪ್ಪಿಸಿಕೊಳ್ಳುವುದು ಎಂಬ ಅರ್ಥವಿದೆ. 2005ರಲ್ಲಿ ಸ್ಥಾಪಿತವಾದ ಇಲ್ಲಿನ ಕಥೋಲಿಕ ಧರ್ಮಕ್ಷೇತ್ರದ ಕಿರುಮಂದೆಯೂ ತನ್ನ ಪ್ರಾರ್ಥನೆಗಳಲ್ಲಿ ಇದೇ ಪದವನ್ನು ಬಳಸುತ್ತದೆ. ಆದುದರಿಂದ ಈ ಭಾಗದಲ್ಲಿ ಸೇವೆ ಸಲ್ಲಿಸುವ ಗುರುವಿಗೆ ಪದದ ಕೊರತೆಯಿಲ್ಲ. ಒಂದೇ ಪದದೊಳಗೆ ಹಲವು ಅರ್ಥಗಳು ಬೆರೆತಿರುವುದೇ ಅವನ ಮುಂದಿರುವ ಸಮಸ್ಯೆ.

ಮಳೆ ಕೈಕೊಟ್ಟಾಗ, ತೊಗರಿಗೆ ನೆಟೆರೋಗ ತಗುಲಿದಾಗ, ಮನೆಯ ಯಜಮಾನ ಕುಡಿದು ಬಂದು ಹೆಂಡತಿಯನ್ನು ಹೊಡೆದಾಗ, ಈ ಎಲ್ಲ ಸಂದರ್ಭಗಳಲ್ಲಿಯೂ ನಮ್ಮ ಜನರ ಬಾಯಿಂದ ಬರುವ ಮಾತು ಒಂದೇ: 'ದೇವರು ಇಟ್ಟಂಗ ಇರಬೇಕು.' ಅದರಲ್ಲಿ ಆಳವಾದ ವಿಶ್ವಾಸವಿರಬಹುದು, ಬರಿಯ ಹಣೆಬರಹದ ನಂಬಿಕೆಯೂ ಇರಬಹುದು, ದಣಿದ ಜೀವದ ನಿಟ್ಟುಸಿರೂ ಇರಬಹುದು. ಗುರುವು ಇವುಗಳನ್ನು ವಿವೇಚಿಸದೆ 'ದೇವರಿಗೆ ಶರಣಾಗು ತಾಯಿ' ಎಂದು ಹೇಳಿ ಕಳುಹಿಸಿದರೆ, ಆ ತಾಯಿ ಶರಣಾಗುವುದು ದೇವರಿಗೋ, ಹೊಡೆಯುವ ಕೈಗೋ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ನಮ್ಮನ್ನು ರೂಪಾಂತರಗೊಳಿಸುವ ದೇವರ ಕಾರ್ಯಕ್ಕೆ ಶರಣಾಗುವುದೆಂದರೆ ಏನು, ಏನಲ್ಲ ಎಂಬುದನ್ನು ಪವಿತ್ರ ಗ್ರಂಥ ಮತ್ತು ಧರ್ಮಸಭೆಯ ಬೋಧನೆಯ ಬೆಳಕಿನಲ್ಲಿ ವಿಶದಪಡಿಸುವುದು ಈ ಲೇಖನದ ಉದ್ದೇಶ.

ಪೌಲನ ಒಂದು ಕ್ರಿಯಾಪದ

ಈ ವಿಷಯದ ಮೂಲ ವಾಕ್ಯಭಾಗ ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದ ಮೊದಲೆರಡು ವಚನಗಳು. ಹನ್ನೊಂದು ಅಧ್ಯಾಯಗಳ ಉದ್ದಕ್ಕೂ ದೇವರ ಕರುಣೆಯನ್ನು ವಿವರಿಸಿದ ಪೌಲನು, ಆ ಕರುಣೆಯ ಆಧಾರದ ಮೇಲೆಯೇ ವಿಶ್ವಾಸಿಗಳನ್ನು ಬೇಡಿಕೊಳ್ಳುತ್ತಾನೆ: ನಿಮ್ಮ ದೇಹಗಳನ್ನು ಸಜೀವ ಬಲಿಯಾಗಿ ಅರ್ಪಿಸಿರಿ, ಲೋಕದ ಅಚ್ಚಿಗೆ ಸರಿಹೊಂದಿಕೊಳ್ಳದಿರಿ, ಮನಸ್ಸು ನೂತನಗೊಳ್ಳುವುದರ ಮೂಲಕ ರೂಪಾಂತರ ಹೊಂದಿರಿ. ಇಲ್ಲಿ ಅವನು ಬಳಸಿದ ಗ್ರೀಕ್ ಕ್ರಿಯಾಪದ 'ಮೆಟಾಮಾರ್ಫೂಸ್ಥೆ'. ವ್ಯಾಕರಣದ ದೃಷ್ಟಿಯಿಂದ ಇದು ಕರ್ಮಣಿ ಪ್ರಯೋಗದಲ್ಲಿರುವ ಆಜ್ಞೆ. ಆಜ್ಞೆಯೆಂದರೆ 'ನೀನು ಮಾಡು' ಎನ್ನಬೇಕು. ಕರ್ಮಣಿಯೆಂದರೆ ಕಾರ್ಯ ಇನ್ನೊಬ್ಬರಿಂದ ನಡೆಯಬೇಕು. ಇವೆರಡೂ ಒಂದೇ ಪದದಲ್ಲಿ ಸೇರಿದಾಗ ಹೊರಡುವ ಅರ್ಥ: ನಿನ್ನನ್ನು ಬದಲಾಯಿಸುವವನು ದೇವರು, ಆದರೆ ಆ ಬದಲಾವಣೆಗೆ ನಿನ್ನನ್ನು ಒಡ್ಡಿಕೊಳ್ಳುವ ಹೊಣೆ ನಿನ್ನದು.

ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ನಾಲ್ಕೇ ಸಲ ಬರುತ್ತದೆ, ನಾಲ್ಕೂ ಸಲ ಕರ್ಮಣಿಯಲ್ಲಿಯೇ ಬರುತ್ತದೆ. ಮತ್ತಾಯ 17:2 ಮತ್ತು ಮಾರ್ಕ 9:2ರಲ್ಲಿ ಬೆಟ್ಟದ ಮೇಲೆ ಯೇಸುಸ್ವಾಮಿಯ ರೂಪಾಂತರ. 2 ಕೊರಿಂಥ 3:18ರಲ್ಲಿ ಪ್ರಭುವಿನ ಮಹಿಮೆಯನ್ನು ಕಾಣುತ್ತಾ ಅದೇ ಸಾರೂಪ್ಯಕ್ಕೆ ಬದಲಾಗುವ ವಿಶ್ವಾಸಿಗಳು. ನಾಲ್ಕನೆಯದು ನಮ್ಮ ವಾಕ್ಯಭಾಗ. ಕೊರಿಂಥದವರಿಗೆ ಬರೆಯುವಾಗ ಪೌಲನು ಈ ಬದಲಾವಣೆಯ ಕರ್ತೃವನ್ನು ಸ್ಪಷ್ಟವಾಗಿಯೇ ಹೆಸರಿಸುತ್ತಾನೆ: ಇದು ಪವಿತ್ರಾತ್ಮರಿಂದ ಆಗುವ ಕಾರ್ಯ.

ಎರಡನೇ ವಚನದ ಕೊನೆಯ ಭಾಗವನ್ನು ನಮ್ಮ ಪ್ರಬೋಧನೆಗಳಲ್ಲಿ ನಾವು ಹಲವು ಬಾರಿ ಬಿಟ್ಟುಬಿಡುತ್ತೇವೆ. ರೂಪಾಂತರದ ಗುರಿ ದೇವರ ಚಿತ್ತ ಯಾವುದೆಂದು ಪರೀಕ್ಷಿಸಿ ತಿಳಿಯುವುದು ಎನ್ನುತ್ತಾನೆ ಪೌಲ. ನಾಣ್ಯವನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಹೇಳುವ ಪದವನ್ನೇ ಇಲ್ಲಿ ಬಳಸಿದ್ದಾನೆ. ಅಂದಮೇಲೆ ಶರಣಾಗತಿಯು ಬುದ್ಧಿಯನ್ನು ಬದಿಗಿಡುವುದಲ್ಲ. ಅದರ ಮೊದಲ ಫಲವೇ ವಿವೇಚನೆ. ಕಣ್ಣುಮುಚ್ಚಿ ಬಂದದ್ದನ್ನೆಲ್ಲ ಒಪ್ಪಿಕೊಳ್ಳುವ ಮನಸ್ಸು ಪೌಲನ ಪ್ರಕಾರ ಇನ್ನೂ ನೂತನಗೊಳ್ಳದ ಮನಸ್ಸು.

ಎರಡು ಅಂಚುಗಳ ನಡುವೆ ಧರ್ಮಸಭೆಯ ದಾರಿ

ಫಿಲಿಪ್ಪಿಯವರಿಗೆ ಬರೆದ ಪತ್ರದ 2:12-13ರಲ್ಲಿಯೂ ಇದೇ ಜೋಡಣೆಯಿದೆ. ನಿಮ್ಮ ರಕ್ಷಣೆಗಾಗಿ ಭಯಭಕ್ತಿಯಿಂದ ದುಡಿಯಿರಿ ಎಂದ ಪೌಲನು, ಮರುವಾಕ್ಯದಲ್ಲಿ ನಿಮ್ಮೊಳಗೆ ಬಯಕೆಯನ್ನೂ ಕ್ರಿಯೆಯನ್ನೂ ಉಂಟುಮಾಡುವವರು ದೇವರೇ ಎಂದು ಕಾರಣ ಕೊಡುತ್ತಾನೆ. ಧರ್ಮಸಭೆಯ ಇತಿಹಾಸದಲ್ಲಿ ಈ ಎರಡು ವಾಕ್ಯಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟವರು ಎರಡು ಅಂಚುಗಳಲ್ಲಿ ಜಾರಿದ್ದಾರೆ.

ಒಂದು ಅಂಚು ಪೆಲಾಜಿಯನ್ ವಾದದ್ದು. ಮನುಷ್ಯನು ತನ್ನ ಇಚ್ಛಾಶಕ್ತಿಯಿಂದಲೇ ಪವಿತ್ರನಾಗಬಲ್ಲನು, ಕೃಪೆಯು ಹೊರಗಿನ ನೆರವು ಮಾತ್ರ ಎಂಬ ಈ ಭಾವನೆಯನ್ನು ಸಂತ ಅಗಸ್ಟೀನನು ತನ್ನ ಜೀವಮಾನದ ಕೊನೆಯ ಎರಡು ದಶಕಗಳ ಕಾಲ ಎದುರಿಸಿದನು. ಇನ್ನೊಂದು ಅಂಚು ನಿಷ್ಕ್ರಿಯತಾವಾದದ್ದು. ಸ್ಪೇನಿನ ಗುರು ಮಿಗೆಲ್ ದೆ ಮೊಲಿನೋಸ್ 1675ರಲ್ಲಿ ಪ್ರಕಟಿಸಿದ ಆಧ್ಯಾತ್ಮಿಕ ಕೈಪಿಡಿಯ ಸುತ್ತ ಬೆಳೆದ ಈ ಪಂಥ, ಆತ್ಮವು ಸಂಪೂರ್ಣ ನಿಶ್ಚಲವಾಗಬೇಕು, ಬಯಕೆ, ಬೇಡಿಕೆ, ಪ್ರಲೋಭನೆಯೊಡನೆ ಹೋರಾಟ ಇವೆಲ್ಲವೂ ದೇವರ ಕೆಲಸಕ್ಕೆ ಅಡ್ಡಿ ಎಂದು ಬೋಧಿಸಿತು. ಜಗದ್ಗುರು ಹನ್ನೊಂದನೇ ಇನ್ನೊಸೆಂಟರು 1687ರಲ್ಲಿ ಮೊಲಿನೋಸನ 68 ಪ್ರತಿಪಾದನೆಗಳನ್ನು ಖಂಡಿಸಿದರು. ಶರಣಾಗತಿಯ ಹೆಸರಿನಲ್ಲಿಯೇ ಶರಣಾಗತಿಯನ್ನು ಕೆಡಿಸಬಹುದು ಎಂಬುದಕ್ಕೆ ಇದು ಧರ್ಮಸಭೆ ಕಂಡ ಉದಾಹರಣೆ.

ಈ ಎರಡು ಅಂಚುಗಳ ನಡುವಿನ ದಾರಿಯನ್ನು ಟ್ರೆಂಟ್ ಮಹಾಸಭೆ ತನ್ನ ಆರನೇ ಅಧಿವೇಶನದಲ್ಲಿ, 1547ರ ಜನವರಿ 13ರಂದು, ಗುರುತಿಸಿಕೊಟ್ಟಿತ್ತು. ನೀತೀಕರಣದ ಆರಂಭ ಮುಂದೆ ಬಂದು ಕರೆಯುವ ದೇವರ ಕೃಪೆಯಿಂದಲೇ. ಅದಕ್ಕೆ ಮೊದಲು ನಮ್ಮ ಯಾವ ಪುಣ್ಯವೂ ಇಲ್ಲ. ಆದರೂ ದೇವರು ಹೃದಯವನ್ನು ಮುಟ್ಟಿದಾಗ ಮನುಷ್ಯ ಏನೂ ಮಾಡದವನಲ್ಲ, ಆ ಸ್ಪರ್ಶವನ್ನು ತಿರಸ್ಕರಿಸಲು ಅವನಿಗೆ ಸಾಧ್ಯವಿದೆ. ಸ್ವತಂತ್ರ ಇಚ್ಛೆಯು ಜೀವವಿಲ್ಲದ ವಸ್ತುವಿನಂತೆ ಸುಮ್ಮನಿರುತ್ತದೆ ಎಂಬ ಅಭಿಪ್ರಾಯವನ್ನು ಮಹಾಸಭೆಯ ನಾಲ್ಕನೇ ವಿಧಿ ತಳ್ಳಿಹಾಕುತ್ತದೆ. ಇದಕ್ಕೂ ಮೊದಲೇ ಸಂತ ತೋಮಾಸ್ ಅಕ್ವಿನಾಸರು ಕೃಪೆಯ ಎರಡು ಪರಿಣಾಮಗಳನ್ನು ಪ್ರತ್ಯೇಕಿಸಿದ್ದರು. ಮೊದಲನೆಯದರಲ್ಲಿ ದೇವರು ನಮ್ಮ ಇಚ್ಛೆಯನ್ನು ಚಲಿಸುವಂತೆ ಮಾಡುತ್ತಾರೆ. ಎರಡನೆಯದರಲ್ಲಿ ಹಾಗೆ ಚಲನೆ ಪಡೆದ ಇಚ್ಛೆಯು ತಾನೂ ಚಲಿಸಿ ಕ್ರಿಯೆಗೆ ಇಳಿಯುತ್ತದೆ. ದೇವರು ಅರ್ಧ, ನಾನು ಅರ್ಧ ಎಂಬ ಪಾಲುಗಾರಿಕೆಯ ಲೆಕ್ಕ ಇದಲ್ಲ. ಇಡೀ ಕಾರ್ಯ ದೇವರದು, ಆ ಕಾರಣದಿಂದಲೇ ಅದು ಇಡಿಯಾಗಿ ನಮ್ಮದೂ ಆಗುತ್ತದೆ.

ಕಲಬುರಗಿ, ಬೀದರ್ ಭಾಗದಲ್ಲಿ ನಮ್ಮ ನೆರೆಯ ಕ್ರೈಸ್ತರು ಬಹುಮಟ್ಟಿಗೆ ಮೆಥೋಡಿಸ್ಟ್ ಸಭೆಯವರು. ಇಲ್ಲಿ ಒಂದು ಸಂತೋಷದ ಸಂಗತಿಯನ್ನು ನೆನೆಯಬೇಕು. ನೀತೀಕರಣದ ಬಗ್ಗೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲುಥೆರನ್ ವಿಶ್ವ ಒಕ್ಕೂಟ ಸಹಿ ಮಾಡಿದ ಜಂಟಿ ಘೋಷಣೆಗೆ, 2006ರಲ್ಲಿ ಸೋಲ್ ನಗರದಲ್ಲಿ ವಿಶ್ವ ಮೆಥೋಡಿಸ್ಟ್ ಮಂಡಳಿಯೂ ದನಿಗೂಡಿಸಿತು. ಕೃಪೆಯೇ ಮೊದಲು, ಕೃಪೆಯಿಂದಲೇ ಸತ್ಕ್ರಿಯೆ ಎಂಬುದನ್ನು ನಾವು ಇಂದು ಒಟ್ಟಾಗಿ ಹೇಳಬಲ್ಲೆವು.

ಎರೆಹೊಲದ ಸಾಮತಿ

ಈ ಬೋಧನೆಯನ್ನು ನಮ್ಮ ಭಾಗದ ರೈತನಿಗೆ ಹೇಳುವುದು ಕಷ್ಟವಲ್ಲ. ಯೇಸುಸ್ವಾಮಿಯೇ ಅವನ ಭಾಷೆಯಲ್ಲಿ ಹೇಳಿದ್ದಾರೆ. ಮಾರ್ಕನ ಶುಭಸಂದೇಶ 4:26-29ರಲ್ಲಿ ಮಾತ್ರ ಸಿಗುವ ಒಂದು ಚಿಕ್ಕ ಸಾಮತಿಯಿದೆ. ಒಬ್ಬನು ಬೀಜ ಬಿತ್ತುತ್ತಾನೆ. ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೆ ಗೊತ್ತಿಲ್ಲ. ಭೂಮಿ ತಾನಾಗಿಯೇ ಫಲ ಕೊಡುತ್ತದೆ. ಕಾಳು ಬಲಿತಾಗ ಅವನು ಕುಡುಗೋಲು ಹಾಕುತ್ತಾನೆ.

ನಮ್ಮ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವ ರೈತನಿಗೆ ಇದು ದಿನನಿತ್ಯದ ಅನುಭವ. ಬೇಸಿಗೆಯಲ್ಲಿ ಬಿರುಕುಬಿಟ್ಟ ಕರಿಮಣ್ಣು ಮಳೆಗಾಲದ ನೀರನ್ನು ಕುಡಿದು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಲ್ಲುವ ಹೊತ್ತಿಗೆ ಬಿತ್ತಿದ ಜೋಳ, ಮುಂದೆ ಹನಿ ಮಳೆ ಬೀಳದಿದ್ದರೂ, ಆ ತೇವದ ಬಲದಿಂದ ಚಳಿಗಾಲದುದ್ದಕ್ಕೂ ಬೆಳೆದು ತೆನೆಗಟ್ಟುತ್ತದೆ. ರೈತ ಮಳೆಯನ್ನು ತರಲಾರ, ಬೀಜದೊಳಗಿನ ಜೀವವನ್ನು ಉಂಟುಮಾಡಲಾರ. ಆದರೆ ಹೊಲ ಹರಗದಿದ್ದರೆ, ಬದು ಕಟ್ಟದಿದ್ದರೆ, ಹದ ನೋಡಿ ಬಿತ್ತದಿದ್ದರೆ, ಬಿದ್ದ ಮಳೆಯೂ ಹರಿದು ಹೋಗುತ್ತದೆ. ತನ್ನ ಕೈಯಲ್ಲಿ ಯಾವುದಿದೆ, ಯಾವುದಿಲ್ಲ ಎಂಬುದನ್ನು ಅವನು ಚೆನ್ನಾಗಿ ಬಲ್ಲ. ಎಳ್ಳಮಾವಾಸ್ಯೆಯಂದು ಕುಟುಂಬಸಮೇತ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಪೈರು ಇನ್ನೂ ಹೊಲದಲ್ಲಿಯೇ ನಿಂತಿರುತ್ತದೆ. ರಾಶಿ ಮನೆಗೆ ಬರುವ ಮುನ್ನವೇ ಸಲ್ಲಿಸುವ ಕೃತಜ್ಞತೆ ಅದು.

ಹೀಗಾಗಿ ಹಣೆಬರಹಕ್ಕೂ ಶರಣಾಗತಿಗೂ ಇರುವ ಅಂತರವನ್ನು ರೈತನ ಮಾತಿನಲ್ಲಿಯೇ ತಿಳಿಸಬಹುದು. ಹಣೆಬರಹ ನಂಬಿದವನು ಬಿತ್ತುವುದನ್ನೇ ಬಿಡುತ್ತಾನೆ. ಶರಣಾದವನು ಬಿತ್ತಿ, ಬೆಳೆಸುವ ಕೆಲಸವನ್ನು ದೇವರಿಗೆ ಬಿಡುತ್ತಾನೆ. ನೆಟೆರೋಗ ತಡೆಯುವ ತಳಿಯನ್ನು ವಿಚಾರಿಸುವುದು, ಬೆಳೆವಿಮೆ ಮಾಡಿಸುವುದು ವಿಶ್ವಾಸದ ಕೊರತೆಯಲ್ಲ. ಕೊಟ್ಟ ಬುದ್ಧಿಯನ್ನು ಕೊಟ್ಟವರ ಹೆಸರಿನಲ್ಲಿ ಬಳಸುವುದು. ಇವೆಲ್ಲ ಮಾಡಿಯೂ ಬೆಳೆ ಕೈತಪ್ಪಿದಾಗ, ತನ್ನ ಬದುಕಿನ ಬೆಲೆ ಆ ವರ್ಷದ ಇಳುವರಿಯಲ್ಲಿಲ್ಲ ಎಂದು ನಂಬಿ ದೇವರ ಕೈ ಹಿಡಿಯುವುದು ಶರಣಾಗತಿಯ ಇನ್ನೂ ಕಠಿಣವಾದ ಪಾಠ.

ಶರಣಾದವರು ಪ್ರಶ್ನಿಸಿದರು

ಶರಣಾಗತಿಯ ಪರಮಾದರ್ಶಗಳೆಂದು ನಾವು ತೋರಿಸುವ ಇಬ್ಬರನ್ನು ಗಮನಿಸೋಣ. ಮಾತೆ ಮರಿಯಮ್ಮನವರು ದೇವದೂತನಿಗೆ ಒಪ್ಪಿಗೆ ಕೊಡುವ ಮುನ್ನ, ಇದು ಹೇಗಾದೀತು ಎಂದು ಕೇಳಿದರು (ಲೂಕ 1:34). ಒಪ್ಪಿಗೆ ಕೊಟ್ಟ ಅದೇ ಬಾಯಿ ಕೆಲವೇ ವಚನಗಳ ಬಳಿಕ, ಬಲಾಢ್ಯರನ್ನು ಸಿಂಹಾಸನದಿಂದ ಇಳಿಸಿ ದೀನರನ್ನು ಮೇಲೆತ್ತುವ ದೇವರನ್ನು ಹಾಡುತ್ತದೆ (ಲೂಕ 1:52). ದೇವರ ದಾಸಿ ಎಂದು ತನ್ನನ್ನು ಕರೆದುಕೊಂಡವಳು ಮತ್ತಾವ ಅಧಿಪತಿಯ ದಾಸಿಯೂ ಅಲ್ಲ.

ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿ ಮೊದಲು ತಮ್ಮ ಬಯಕೆಯನ್ನು ತಂದೆಯ ಮುಂದೆ ಮುಚ್ಚುಮರೆಯಿಲ್ಲದೆ ಇಟ್ಟರು. ಆ ಪಾತ್ರೆ ತಮ್ಮಿಂದ ತೊಲಗಲಿ ಎಂದು ಬೇಡಿದ ಮೇಲೆಯೇ ತಂದೆಯ ಚಿತ್ತಕ್ಕೆ ಒಪ್ಪಿಸಿಕೊಂಡರು (ಮಾರ್ಕ 14:36). ಅದೇ ರಾತ್ರಿ ಪ್ರಧಾನ ಯಾಜಕನ ಆಳು ಕೆನ್ನೆಗೆ ಹೊಡೆದಾಗ ಅವರು ಸುಮ್ಮನಿರಲಿಲ್ಲ. ತಪ್ಪು ಮಾತಾಡಿದ್ದರೆ ಅದನ್ನು ರುಜುಪಡಿಸು, ಸರಿಯಾಗಿ ಮಾತಾಡಿದ್ದರೆ ಏಕೆ ಹೊಡೆಯುತ್ತಿ ಎಂದು ಕೇಳಿದರು (ಯೊವಾನ್ನ 18:23). ತಂದೆಗೆ ಸಂಪೂರ್ಣ ಶರಣಾಗಿದ್ದವರು ಅನ್ಯಾಯದ ಪೆಟ್ಟಿಗೆ ಶರಣಾಗಲಿಲ್ಲ. ಪ್ರತೀಕಾರ ಮಾಡಲಿಲ್ಲ ನಿಜ, ಆದರೆ ಅನ್ಯಾಯವನ್ನು ಅನ್ಯಾಯವೆಂದೇ ಕರೆದರು.

ಈ ಹಿನ್ನೆಲೆಯಲ್ಲಿ, ಮನೆಯಲ್ಲಿ ಪೆಟ್ಟು ತಿನ್ನುತ್ತಿರುವ ಮಹಿಳೆಗೆ ಗುರುವು ಏನು ಹೇಳಬೇಕು? ಸಹಿಸಿಕೋ, ಇದು ನಿನ್ನ ಶಿಲುಬೆ ಎಂದಷ್ಟೇ ಹೇಳಿದರೆ ಅವನು ಧರ್ಮಸಭೆಯ ಬೋಧನೆಯನ್ನು ಪೂರ್ತಿಯಾಗಿ ಹೇಳಿದಂತಾಗುವುದಿಲ್ಲ. ದಂಪತಿಗಳಲ್ಲಿ ಒಬ್ಬರಿಂದ ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕಾಗಲಿ ಆತ್ಮಕ್ಕಾಗಲಿ ಗಂಭೀರ ಅಪಾಯವಿದ್ದರೆ ಬೇರೆಯಾಗಿ ಬಾಳಲು ನ್ಯಾಯವಾದ ಕಾರಣವಿದೆ ಎನ್ನುತ್ತದೆ ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ವಿಧಿ. ಕೆಲವು ಸಂದರ್ಭಗಳಲ್ಲಿ ಇಂಥ ಬೇರ್ಪಡೆ ನೈತಿಕವಾಗಿ ಅಗತ್ಯವೇ ಆಗಬಹುದೆಂದು ಜಗದ್ಗುರು ಫ್ರಾನ್ಸಿಸರು 2016ರ 'ಅಮೋರಿಸ್ ಲೆತಿತ್ಸಿಯಾ' ಪತ್ರದ 241ನೇ ಪರಿಚ್ಛೇದದಲ್ಲಿ ತಿಳಿಸಿದ್ದಾರೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯನ್ನು ನಮ್ಮ ದೇಶದ ಸಂಸತ್ತು ರೂಪಿಸಿದೆ. ಇವನ್ನು ಆಕೆಗೆ ತಿಳಿಸಿ, ರಕ್ಷಣೆಯ ದಾರಿ ತೋರಿಸುವುದು ಪಾಲನಾಸೇವೆಯ ಭಾಗ. ಆಕೆ ದೇವರಿಗೆ ಒಪ್ಪಿಸಬೇಕಾದದ್ದು ತನ್ನ ಭಯವನ್ನು, ಗಾಯವನ್ನು, ನಾಳೆಯ ಚಿಂತೆಯನ್ನು. ತನ್ನ ಮೈಯನ್ನು ಹಿಂಸೆಗೆ ಒಪ್ಪಿಸಬೇಕಾಗಿಲ್ಲ.

ಕೆನರಾದಲ್ಲಿ ಕಾದ ಒಬ್ಬ ಗುರು

ದೇವರಿಗೆ ಶರಣಾದ ಬದುಕು ಹೇಗೆ ಸಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಕರಾವಳಿಯಲ್ಲಿಯೇ ದುಡಿದ ಒಬ್ಬ ಗುರುವಿನ ಸಾಕ್ಷ್ಯವಿದೆ. ಸಂತ ಜೋಸೆಫ್ ವಾಜ್ 1651ರಲ್ಲಿ ಗೋವೆಯ ಬೆನಾವ್ಲಿಯಲ್ಲಿ ಜನಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ, 1677ರ ಆಗಸ್ಟ್ 5ರಂದು, ತಮ್ಮನ್ನು ಮಾತೆ ಮರಿಯಮ್ಮನವರಿಗೆ ದಾಸನನ್ನಾಗಿ ಒಪ್ಪಿಸಿಕೊಂಡು ಒಂದು ದಾಸ್ಯಪತ್ರವನ್ನೇ ಬರೆದು ಸಹಿ ಹಾಕಿದರು. ಡಚ್ಚರ ಆಳ್ವಿಕೆಯಲ್ಲಿ ಗುರುಗಳೇ ಇಲ್ಲದೆ ಬಳಲುತ್ತಿದ್ದ ಸಿಂಹಳದ ಕಥೋಲಿಕರ ಬಳಿಗೆ ಹೋಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ 1681ರಲ್ಲಿ ಅಧಿಕಾರಿಗಳು ಅವರನ್ನು ಕಳುಹಿಸಿದ್ದು ಕೆನರಾಕ್ಕೆ.

ಕೆನರಾ ಆಗ ನೆಮ್ಮದಿಯ ತಾಣವಾಗಿರಲಿಲ್ಲ. ಪೋರ್ಚುಗೀಸ್ ಪಾದ್ರೊಆದೊ ಮತ್ತು ರೋಮಿನ ಪ್ರೊಪಗಾಂದಾ ನಡುವಿನ ಅಧಿಕಾರದ ವಿವಾದದಿಂದ ಅಲ್ಲಿನ ಕ್ರೈಸ್ತರು ಒಡೆದುಹೋಗಿದ್ದರು. ಬಯಸದೆ ಬಂದ ಸ್ಥಳದಲ್ಲಿ ಅವರು ದಿನ ದೂಡಲಿಲ್ಲ. 1684ರವರೆಗೆ ಆ ವಿವಾದದ ನಡುವೆ ಸಮಾಧಾನ ತರಲು ಶ್ರಮಿಸುತ್ತಾ, ಚದುರಿದ ವಿಶ್ವಾಸಿಗಳನ್ನು ಒಟ್ಟುಗೂಡಿಸಿದರು. ಗೋವೆಗೆ ಮರಳಿ ಒರಟೋರಿಯನ್ ಸಮುದಾಯವನ್ನು ಕಟ್ಟಿದರು. ಸಿಂಹಳದ ಹಂಬಲ ಮಾತ್ರ ಆರಲಿಲ್ಲ. 1687ರಲ್ಲಿ ವೇಷ ಮರೆಸಿಕೊಂಡು ಜಾಫ್ನಾ ತಲುಪಿದರು. ಮುಂದೆ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯ ಮೇಲೆ ಸೆರೆವಾಸ ಅನುಭವಿಸಿದರು. 1711ರ ಜನವರಿ 16ರಂದು ಅಲ್ಲಿಯೇ ನಿಧನರಾದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಈ ಜೀವನದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ದಾಸ್ಯಪತ್ರ ಬರೆದ ಮನುಷ್ಯನ ಬಯಕೆ ಸತ್ತುಹೋಗಲಿಲ್ಲ. ನಿಷ್ಕ್ರಿಯತಾವಾದಿಗಳು ಹೇಳಿದಂತೆ ಬಯಕೆಯನ್ನೇ ಅಳಿಸುವುದು ಶರಣಾಗತಿಯಾಗಿದ್ದರೆ ಅವರು ಸಿಂಹಳಕ್ಕೆ ಹೋಗುತ್ತಲೇ ಇರಲಿಲ್ಲ. ಮತ್ತೊಂದು, ತಾವು ಬಯಸದ ಕೆನರಾದಲ್ಲಿ ಒಡಕಿನ ನಡುವೆ ತಾಳ್ಮೆಯಿಂದ ದುಡಿದ ವರ್ಷಗಳು ಅವರನ್ನು ಬಯಸಿದ ಸಿಂಹಳಕ್ಕೆ ಅಣಿಗೊಳಿಸಿದವು. ದೇವರು ಅವರ ಹಂಬಲವನ್ನು ಕಸಿದುಕೊಳ್ಳದೆ ಪಕ್ವಗೊಳಿಸಿದರು.

ಗುರುಮಠದ ಬದುಕಿಗೆ

ಗುರುದೀಕ್ಷೆಯ ದಿನ, ಸಕಲ ಸಂತರ ಮನವಿಮಾಲೆ ಹಾಡುತ್ತಿರುವಾಗ ಅಭ್ಯರ್ಥಿಯು ಪೀಠದ ಮುಂದೆ ನೆಲದ ಮೇಲೆ ಬೋರಲಾಗಿ ಮಲಗುತ್ತಾನೆ. ಆ ಸಾಷ್ಟಾಂಗವು ಗುರುಮಠದ ವರ್ಷಗಳಲ್ಲಿ ನಡೆಯಬೇಕಾದ ಒಳಗಿನ ಶರಣಾಗತಿಯ ಹೊರಗುರುತು. ಆದರೆ ತರಬೇತಿಯ ಅವಧಿಯಲ್ಲಿ ಶರಣಾಗತಿಯನ್ನು ಬರಿಯ ಮೌನ ವಿಧೇಯತೆಯೆಂದು ತಿಳಿಯುವ ಅಪಾಯವಿದೆ. ನಿಯಮಗಳನ್ನೆಲ್ಲ ಪಾಲಿಸುತ್ತಾ, ಯಾರಿಗೂ ಎದುರಾಡದೆ, ತನ್ನ ಕೋಪವನ್ನೂ ಒಂಟಿತನವನ್ನೂ ಸಂದೇಹಗಳನ್ನೂ ಆತ್ಮಸಲಹೆಗಾರರಿಂದ ಮರೆಮಾಚಿ ದೀಕ್ಷೆಯವರೆಗೆ ಬಂದವನು ವಿಧೇಯನಂತೆ ಕಂಡರೂ ದೇವರ ಕಾರ್ಯಕ್ಕೆ ತನ್ನನ್ನು ಇನ್ನೂ ಒಡ್ಡಿಕೊಂಡಿಲ್ಲ. ಕುಂಬಾರನು ಮುಟ್ಟದ ಮಣ್ಣು ಮಡಕೆಯಾಗುವುದಿಲ್ಲ.

ಯೆರೆಮೀಯನ ಗ್ರಂಥದ 18ನೇ ಅಧ್ಯಾಯವನ್ನು ಇಲ್ಲಿ ಮನನ ಮಾಡಬೇಕು. ಕುಂಬಾರನ ಕೈಯಲ್ಲಿ ಮಡಕೆ ಕೆಡುತ್ತದೆ. ಅವನು ಆ ಮಣ್ಣನ್ನು ಎಸೆಯದೆ ಅದರಿಂದಲೇ ಮತ್ತೊಂದನ್ನು ಮಾಡುತ್ತಾನೆ. ಆದರೆ ಮುಂದಿನ ವಚನಗಳಲ್ಲಿ ಪ್ರವಾದಿಯು ಹೋಲಿಕೆಯನ್ನು ವಿಸ್ತರಿಸುತ್ತಾನೆ: ದೇವರ ಎಚ್ಚರಿಕೆ ಕೇಳಿ ಜನಾಂಗವೊಂದು ಕೆಟ್ಟದ್ದನ್ನು ಬಿಟ್ಟು ತಿರುಗಿಕೊಂಡರೆ ದೇವರೂ ತಮ್ಮ ತೀರ್ಪನ್ನು ಬದಲಿಸುತ್ತಾರೆ. ಕಿವಿಯುಳ್ಳ, ತಿರುಗಿಕೊಳ್ಳಬಲ್ಲ ಮಣ್ಣು ಅದು. 2016ರಲ್ಲಿ ಪ್ರಕಟವಾದ ಗುರುಗಳ ತರಬೇತಿಯ ಮೂಲ ನಿಯಮಾವಳಿಯೂ ತರಬೇತಿಯ ಮುಖ್ಯ ಕರ್ತೃ ಪರಮ ತ್ರಿತ್ವವೆಂದು ಹೇಳುತ್ತಲೇ, ಅಭ್ಯರ್ಥಿಯು ತನ್ನ ರೂಪುಗೊಳ್ಳುವಿಕೆಯಲ್ಲಿ ಅವಶ್ಯವೂ ಅನಿವಾರ್ಯವೂ ಆದ ಪಾತ್ರಧಾರಿಯೆಂದು ಒತ್ತಿಹೇಳುತ್ತದೆ. ಟ್ರೆಂಟ್ ಮಹಾಸಭೆಯ ಬೋಧನೆ ಗುರುಮಠದ ದಿನಚರಿಗೆ ಇಳಿದಾಗ ಹೀಗೆಯೇ ಇರುತ್ತದೆ.

ಶರಣಾಗತಿಯನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕು. ನಾನು ಶರಣಾಗುತ್ತಿರುವುದು ಯಾರಿಗೆ: ದೇವರಿಗೋ, ಪರಿಸ್ಥಿತಿಗೋ, ನನ್ನ ಹೆದರಿಕೆಗೋ? ಒಪ್ಪಿಸುತ್ತಿರುವುದು ಏನನ್ನು: ಫಲದ ಮೇಲಿನ ಹಿಡಿತವನ್ನೋ, ನಾನು ಹೊರಬೇಕಾದ ಹೊಣೆಯನ್ನೋ? ಅದರಿಂದ ಹುಟ್ಟುತ್ತಿರುವ ಫಲ ಯಾವುದು: ಗಲಾತ್ಯರಿಗೆ ಬರೆದ ಪತ್ರದ 5:22-23 ಹೇಳುವ ಪ್ರೀತಿ, ಆನಂದ, ಶಾಂತಿಯೋ, ಇಲ್ಲವೇ ಜಡತೆ ಮತ್ತು ಒಳಗೊಳಗೇ ಕುದಿಯುವ ಕಹಿಯೋ? ಪ್ರತಿದಿನದ ಆತ್ಮಶೋಧನೆಯಲ್ಲಿ ಇವನ್ನು ಕೇಳಿಕೊಳ್ಳುವವರು, ಪಾಪನಿವೇದನೆಯ ಪೀಠದಲ್ಲಿ ಇತರರಿಗೂ ಇವನ್ನು ಮೃದುವಾಗಿ ಕೇಳಬಲ್ಲರು.

ಈ ಎಲ್ಲಕ್ಕೂ ನಮ್ಮ ಪಾಠಶಾಲೆ ಬಲಿಪೂಜೆಯೇ. ಕಾಣಿಕೆಯ ಹೊತ್ತಿಗೆ ನಾವು ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತರುತ್ತೇವೆ. ಅವು ಭೂಮಿ ಕೊಟ್ಟ ಬೆಳೆ, ಮನುಷ್ಯ ದುಡಿದು ರೂಪಿಸಿದ ವಸ್ತು. ಅವುಗಳನ್ನು ಕ್ರಿಸ್ತರ ಶರೀರ ಮತ್ತು ರಕ್ತವಾಗಿ ಮಾರ್ಪಡಿಸಲು ನಮ್ಮಿಂದಾಗದು. ಅದಕ್ಕಾಗಿ ಗುರುವು ಕೈಚಾಚಿ ಪವಿತ್ರಾತ್ಮರನ್ನು ಬೇಡುತ್ತಾನೆ. ಆದರೂ ತಂದಿಟ್ಟ ರೊಟ್ಟಿಯಿಲ್ಲದೆ ಬಲಿಪೂಜೆಯಿಲ್ಲ. ಅದೇ ಪ್ರಾರ್ಥನೆಯ ಮುಂದುವರಿದ ಭಾಗದಲ್ಲಿ ಧರ್ಮಸಭೆಯು ಆ ಪರಮಪ್ರಸಾದವನ್ನು ಸ್ವೀಕರಿಸುವವರೂ ಕ್ರಿಸ್ತರಲ್ಲಿ ಒಂದೇ ಶರೀರವಾಗಲಿ ಎಂದು ಪವಿತ್ರಾತ್ಮರ ಕಾರ್ಯವನ್ನು ಬೇಡುತ್ತದೆ. ರೊಟ್ಟಿಗೆ ಆಗುವ ಮಾರ್ಪಾಡು ನಮಗಾಗಿ, ನಮ್ಮ ಮಾರ್ಪಾಡಿಗಾಗಿ. ಪ್ರತಿದಿನ ಪೀಠದ ಬಳಿ ನಿಲ್ಲುವ ಗುರುವೂ ಮುಂದೆ ನಿಲ್ಲಲಿರುವ ಗುರುವಿದ್ಯಾರ್ಥಿಯೂ ಅಂದಿನ ದುಡಿಮೆ, ದಣಿವು, ಸೋಲು, ಹಂಬಲಗಳನ್ನು ಆ ತಟ್ಟೆಯಲ್ಲಿಯೇ ಇಟ್ಟು, ಮಿಕ್ಕ ಕಾರ್ಯವನ್ನು ಪವಿತ್ರಾತ್ಮರಿಗೆ ಬಿಡಲಿ. ಬಲಿಪೂಜೆ ಮುಗಿದ ಬಳಿಕ ಜನರ ನಡುವೆ ಹೋಗಿ ಮಾಡಬೇಕಾದ ಕೆಲಸಕ್ಕೆ ಬೇಕಾಗುವ ಬಲ ಅಲ್ಲಿಂದಲೇ ದೊರಕುತ್ತದೆ.